ಮೊದಲನೆಯದು ಲೆಕ್ಕಕ್ಕಿಲ್ಲ

"ಹೊಸ ರೈಫಲ್ಲು ಕೊಟ್ಟ ದುಡ್ಡಿಗೆ ತಕ್ಕದ್ದೇ?" ಎಂದು ಅಂಗಡಿಗೆ ಬಂದು ಕೇಳುವವನಿಗೆ ಉತ್ತರ ಬೇಕಾಗಿರುವುದಿಲ್ಲ. ತೀರ್ಮಾನವನ್ನು ಅವನು ಮನೆಯಲ್ಲೇ ಮಾಡಿಕೊಂಡಿರುತ್ತಾನೆ. ನಾಳೆ ತಪ್ಪಾಯಿತು ಅನ್ನಿಸಿದರೆ ಬೈಯುವುದಕ್ಕೆ ಒಬ್ಬ ಬೇಕಲ್ಲ, ಅವನನ್ನು ಹುಡುಕಿಕೊಂಡು ಬಂದಿರುತ್ತಾನೆ. ಮೂವತ್ತೊಂದು ವರ್ಷ ಮೊಳೆ, ಹಗ್ಗ, ಮೀನಿನ ಗಾಳ, ಬಂದೂಕು ಮಾರಿದ ನನಗೆ ಇಷ್ಟು ಗೊತ್ತು. ಬೈಸಿಕೊಳ್ಳಲು ನಾನೆಂದೂ ಹಿಂಜರಿದವನಲ್ಲ. ಬೈಗುಳ ಬರುವುದು ದುಡ್ಡು ಬಂದ ಮೇಲೆ ತಾನೇ?

ಎಂಬತ್ತಾರನೇ ಇಸವಿಯ ಅಕ್ಟೋಬರಿನಲ್ಲಿ ಹಾಗೆ ಕೇಳಿಕೊಂಡು ಬಂದವನು ಸುಲೊ ಹರ್ಯುಲ. ಮಿಶಿಗನ್ನಿನ ಈ ಬಡಗಣ ಮೂಲೆಯಲ್ಲಿ ಅವನಷ್ಟು ಶುಭ್ರವಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಊರ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸುವುದು ಅವನ ಕೆಲಸ. ಆ ಲಾರಿಯನ್ನು ನೋಡಿದರೆ ಹಿಮ ತಳ್ಳಿ ಬಂದಿದೆಯೋ ಮದುವೆಗೆ ಹೊರಟಿದೆಯೋ ತಿಳಿಯುತ್ತಿರಲಿಲ್ಲ. ಕೋಳಿಗೂಡಿನೊಳಗೆ ಹೋಗುವಾಗಲೂ ಬೂಟು ಒರೆಸಿಕೊಂಡು ಹೋಗುವವನು. ಹೆಂಡತಿ ಲೆಂಪಿ ತೊಳೆದಿಟ್ಟ ತಟ್ಟೆಯನ್ನು ಇನ್ನೊಮ್ಮೆ ತೊಳೆಯುತ್ತಿದ್ದ. ಲೆಂಪಿಗೂ ಬುದ್ಧಿಯಿತ್ತು, ಎರಡನೇ ವರ್ಷದಿಂದ ಅವಳು ತೊಳೆಯುವುದನ್ನೇ ಬಿಟ್ಟಳು.

ಅವನ ಕಷ್ಟ ಏನೆಂದು ತಿಳಿಯಬೇಕಾದರೆ ನಮ್ಮ ಕ್ಯಾಂಪಿನ ಗೋಡೆಯನ್ನು ನೋಡಬೇಕು.

ಕ್ಯಾಂಪು ಎಂದರೆ ಕಾಡಿನೊಳಗೆ ಹತ್ತು ಮೈಲಿ ದೂರದ ಹಲಗೆಮನೆ. ಪ್ರತಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ತೆರೆಯುತ್ತದೆ. ಹಿಂದಿನ ದಿನವೇ ನಾವು ಎಂಟು ಜನ ಅಲ್ಲಿಗೆ ಹೋಗಿ ಸೇರುತ್ತೇವೆ. ಗಂಡು ಜಿಂಕೆಗೆ ಗುಂಡು ಹಾರಿಸಿ ತಪ್ಪಿದವನ ಅಂಗಿಯ ಬಾಲವನ್ನು, ಅಂದರೆ ಬೆನ್ನ ಹಿಂದೆ ಜೋಲುವ ಅಂಚನ್ನು, ಎಲ್ಲರೆದುರು ಕತ್ತರಿಸಿ, ಹೆಸರು ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಮೊಳೆ ನನ್ನ ಅಂಗಡಿಯದು. ನನ್ನ ಬಾಲ ಅಲ್ಲಿ ನಾಲ್ಕಿವೆ. ಕ್ಯಾಂಪಿನ ಹಿರಿಯ ಓನ್ನಿಯವು ಒಂಬತ್ತು. ಸುಲೊನವು ಹನ್ನೊಂದು, ಅದೂ ಸಾಲಾಗಿ, ಇಸ್ತ್ರಿ ಮಾಡಿದಂತೆ.

ಹನ್ನೊಂದರವರೆಗೆ ಅದು ನಗೆಯ ಮಾತು. ಹನ್ನೆರಡಾದರೆ ನಗೆಯಲ್ಲ. ಡಜನ್ ತುಂಬಿದವನು ತನ್ನ ಹೊಂಚುತಾಣವನ್ನು ಬಿಟ್ಟುಕೊಟ್ಟು ಒಲೆ ಹಿಡಿಯಬೇಕು. ಅಲ್ಲಿಯವರೆಗೆ ಅಡುಗೆ ಮಾಡುತ್ತಿದ್ದವನಿಗೆ ಆ ತಾಣ ಸಿಗುತ್ತದೆ. ಹಾಗೆ ಇಪ್ಪತ್ತೆರಡು ವರ್ಷದ ಹಿಂದೆ ಒಲೆ ಹಿಡಿದವನು ಕ್ಲೈಡ್ ಪೆನ್ಹೇಲ್. ಅಂದಿನಿಂದ ನಾವು ಬೀನ್ಸ್ ಕಾಳು ತಿನ್ನುತ್ತಿದ್ದೇವೆ. ಬೆಳಿಗ್ಗೆ ಪ್ಯಾನ್‌ಕೇಕು, ಮಧ್ಯಾಹ್ನ ಬೀನ್ಸ್ ಕಾಳು, ಸಂಜೆ ಮಧ್ಯಾಹ್ನದ್ದೇ ಬೀನ್ಸ್ ಕಾಳು.

ಸುಲೊನ ತಾಣ ಸಾಮಾನ್ಯದ್ದಲ್ಲ. ತೊರೆಯ ಬದಿಯ ದೊಡ್ಡ ಹೆಮ್ಲಾಕ್ ಮರದ ಬೊಡ್ಡೆ. ಅವನಪ್ಪ ಅದನ್ನು ಕೊಡಲಿಯಲ್ಲಿ ಕೊರೆದು ಕೂರಲು ಆಸರೆ ಮಾಡಿ, ನಲವತ್ತು ನವೆಂಬರುಗಳು ಅಲ್ಲಿ ಕೂತು, ಕೊನೆಗೊಂದು ನವೆಂಬರಿನಲ್ಲಿ ಅಲ್ಲೇ ಕೂತಂತೆಯೇ ಸತ್ತಿದ್ದ. ನಾವು ಅದನ್ನು ಗದ್ದುಗೆ ಅನ್ನುತ್ತೇವೆ. ಆ ಗದ್ದುಗೆಯನ್ನು ಪೆನ್ಹೇಲನಿಗೆ ಬಿಟ್ಟುಕೊಡುವುದೆಂದರೆ ಸುಲೊಗೆ ಅಪ್ಪನನ್ನು ಎರಡನೇ ಸಲ ಮಣ್ಣು ಮಾಡಿದಂತೆ.

"ಹೇಳು ಅರ್ಮಾಸ್, ತಕ್ಕದ್ದಾ?" ಎಂದು ಅವನು ಕೇಳಿದ್ದು ಗಾಜಿನ ಪೆಟ್ಟಿಗೆಯ ಮೇಲೆ ನಾನಿಟ್ಟ ಹೊಸ ರೈಫಲನ್ನು ಮುಟ್ಟದೆ. ಮುಟ್ಟಿದರೆ ಬೆರಳಚ್ಚು ಬೀಳುತ್ತದಲ್ಲ. ಪಕ್ಕದ ಚಿಲಕ ಎತ್ತಿ ಹಿಂದಕ್ಕೆಳೆದರೆ ಮುಂದಿನ ತೋಟಾ ಬರುವ ಮಾದರಿ, ಮೇಲೊಂದು ದುರ್ಬೀನು. ಆರುನೂರ ನಲವತ್ತು ಡಾಲರು.

"ನಿನ್ನ ಹಳೇದಕ್ಕೇನಾಗಿದೆ?" ಎಂದೆ. ವ್ಯಾಪಾರಿ ಮೊದಲು ಹಳೆಯದನ್ನು ವಿಚಾರಿಸಬೇಕು, ಅದು ಮರ್ಯಾದೆ.

"ಅಪ್ಪಂದು. ಐವತ್ತು ವರ್ಷ ಆಯ್ತು. ಸವೆದಿರ್ಬೇಕು."

"ನೋಡೇಬಿಡೋಣ ನಡಿ."

ಊರಾಚೆಯ ಮರಳುಗುಂಡಿಗೆ ಹೋದೆವು. ನೂರು ಗಜದಲ್ಲಿ ಕಾಗದ ನೆಟ್ಟು ಐದು ಗುಂಡು ಹಾರಿಸಿದ. ಕೆಳಗಿನ ಸನ್ನೆಹಿಡಿಯನ್ನು ಎಳೆದು ಎತ್ತಿದರೆ ಮುಂದಿನ ತೋಟಾ ಬರುವ ಹಳೆಯ ಮಾದರಿ ಅದು. ಅವನ ಕೈ ಹೊಲಿಗೆಯಂತ್ರದಂತೆ ಓಡಿತು. ಹೋಗಿ ನೋಡಿದರೆ ನಾಲ್ಕು ತೂತು ಒಂದು ಬೆಳ್ಳಿ ನಾಣ್ಯದ ಅಡಿಯಲ್ಲಿ ಮುಚ್ಚುವಷ್ಟು ಒತ್ತಟ್ಟಿಗಿದ್ದವು. ಒಂದು ಮಾತ್ರ ಒಂದು ಗೇಣು ಮೇಲೆ, ಎಡಕ್ಕೆ.

"ಅದು ಮೊದಲ್ನೇದು," ಎಂದ ಸುಲೊ, ನೆಂಟರ ಮನೆಯ ಹುಚ್ಚನನ್ನು ಪರಿಚಯಿಸುವ ಧ್ವನಿಯಲ್ಲಿ. "ಮೊದಲ್ನೇದು ಲೆಕ್ಕಕ್ಕಿಲ್ಲ. ನಳಿಗೆ ನಿದ್ದೆಯಿಂದ ಏಳ್ಬೇಕಲ್ಲ."

"ಹೌದು ಹೌದು," ಎಂದೆ ನಾನೂ. ನಮ್ಮ ಕಡೆ ಎಲ್ಲರೂ ಅನ್ನುವ ಮಾತೇ ಅದು. ಆ ಒಂಟಿ ತೂತು ನನ್ನ ಕಣ್ಣಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಅದರ ಬಗ್ಗೆ ಯೋಚಿಸಲಿಲ್ಲ ಅಷ್ಟೇ. ಆರುನೂರ ನಲವತ್ತು ಡಾಲರು ಬರುವ ಹೊತ್ತಿನಲ್ಲಿ ಯೋಚನೆ ಮಾಡುವವನು ಅಂಗಡಿ ಇಡಬಾರದು, ಮಠ ಕಟ್ಟಬೇಕು.

ಹೊಸದನ್ನೂ ಹಾರಿಸಿ ನೋಡಿದೆವು. ಅದೂ ಹಾಗೇ: ನಾಲ್ಕು ನಾಣ್ಯದಡಿಗೆ, ಮೊದಲನೆಯದು ಆಚೆ. "ನೋಡ್ದ್ಯಾ, ಎಲ್ಲಾ ನಳಿಗೇನೂ ಹಿಂಗೇ," ಎಂದು ಅವನಿಗೆ ಸಮಾಧಾನವಾಯಿತು.

ಅಂದೇ ಅವನು ಕೊಳ್ಳಲಿಲ್ಲ. ಕೇಳಬೇಕಾದವಳು ಮನೆಯಲ್ಲಿದ್ದಳು. ಹಳೆಯ ರೈಫಲ್ಲನ್ನು ಮಾತ್ರ ನನ್ನಲ್ಲೇ ಬಿಟ್ಟುಹೋಗು, ಬೆಲೆ ಕಟ್ಟುತ್ತೇನೆ ಅಂದೆ. ಅವನ ಮುಖ ಸಣ್ಣದಾಯಿತು.

"ತೊಳ್ದು ಕೊಡ್ತೀನಿ. ಒಳಗೆ ಮಸಿ ಇದೆ."

"ಇರ್ಲಿ ಬಿಡಯ್ಯ, ನನ್ನ ಅಂಗಡೀಲಿ ಮಸಿಗೇನು ಬಡತನ?"

ಬಾಗಿಲು ದಾಟುವುದರೊಳಗೆ ಮೂರು ಸಲ ತಿರುಗಿ ನೋಡಿದ, ಆಸ್ಪತ್ರೆಯಲ್ಲಿ ಯಾರನ್ನೋ ಬಿಟ್ಟುಹೋಗುವವನಂತೆ. ನಾನು ಅದನ್ನು ಗೋಡೆಗೆ ನೇತುಹಾಕಿದೆ. ತೊಳೆಯಲಿಲ್ಲ. ತೊಳೆಯಲು ನನಗೇನು ಬೇರೆ ಕೆಲಸವಿಲ್ಲವೇ?

ಎರಡು ದಿನ ಬಿಟ್ಟು ಲೆಂಪಿ ಬಂದಳು. ಕೈಯಲ್ಲಿ ಚೀಲ, ತಲೆಗೆ ವಸ್ತ್ರ, ಮುಖ ಗಂಟು. ಎರಡು ವರ್ಷದಿಂದ ಅವಳು ಹೊಸ ಒಲೆಗೆಂದು ದುಡ್ಡು ಕೂಡಿಸುತ್ತಿದ್ದುದು ಊರಿಗೆಲ್ಲ ಗೊತ್ತು. ಜಗಳಕ್ಕೇ ಬಂದಳು ಎಂದು ನಾನು ಸುತ್ತಿಗೆಗಳ ಸಾಲಿನ ಹಿಂದೆ ಸರಿದು ನಿಂತೆ.

"ಅಡಗ್ಬೇಡಿ ಅರ್ಮಾಸ್, ಕಾಣಿಸ್ತೀರಿ," ಎಂದಳು. "ಅದೇನೋ ರೈಫಲ್ಲು ತೋರ್ಸಿದೀರಂತಲ್ಲ ಇವರಿಗೆ."

"ನಾನೇನು ತಗೋ ಅನ್ಲಿಲ್ಲಮ್ಮ. ಕೇಳಿದ್ರು, ತೋರಿಸ್ದೆ."

"ಬೆಂಕಿ ಕೇಳ್ತು ಅಂತ ಗಾಳಿ ಬೀಸಿದ ಹಾಗೆ. ಇರ್ಲಿ. ಅದು ಒಳ್ಳೇದಾ?"

"ಒಳ್ಳೇದೇ."

"ಅದಕ್ಕಿಂತ ಒಳ್ಳೇದಿಲ್ವಾ?"

ನನ್ನ ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ಒಬ್ಬ ಹೆಂಡತಿ ಹಾಗೆ ಕೇಳಿದ್ದು ಅದೇ ಮೊದಲು.

"ಬಾಲ ಹೋದ್ರೆ ನಾನು ಹೊಲೀತೀನಿ," ಎಂದಳು ಲೆಂಪಿ. "ಹನ್ನೊಂದು ಹೊಲ್ದಿದೀನಿ. ಅವರಪ್ಪನ ಬೊಡ್ಡೆ ಹೋದ್ರೆ ಏನ್ ತಂದು ಹೊಲೀಲಿ?" ಚೀಲದಿಂದ ನೋಟುಗಳನ್ನು ತೆಗೆದು ಗಾಜಿನ ಮೇಲಿಟ್ಟಳು. "ತಗೊಳ್ಳಿ. ನಾನು ಬಂದಿದ್ದು ಅವರಿಗೆ ಗೊತ್ತಾಗ್ಬಾರ್ದು, ಸಾಲಕ್ಕೆ ಕೊಟ್ಟೆ ಅನ್ನಿ. ಹಳೇದಕ್ಕೆ ನೂರು ಕಳೀರಿ. ತೊಂಬತ್ತು ಅನ್ನಕ್ಕೆ ಬಾಯಿ ತೆರೀತಿದೀರಿ, ಮುಚ್ಚಿ."

ಮುಚ್ಚಿದೆ.

ನವೆಂಬರ್ ಹನ್ನೆರಡರಂದು ಪೆನ್ಹೇಲ್ ಬಂದು, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ರೈಫಲ್ ಯಾವುದೆಂದು ಕೇಳಿದ.

"ನಿಂಗ್ಯಾಕಯ್ಯ? ಬೀನ್ಸ್ ಕಾಳು ಹೊಡೀತೀಯಾ?"

"ಸುಲೊ ಹೊಸದು ತಗೊಂಡಿದಾನಂತೆ," ಎಂದ ಪೆನ್ಹೇಲ್ ನಗುತ್ತ. "ಇನ್ನು ನನ್ನ ಬಿಡುಗಡೆ ಗ್ಯಾರಂಟಿ. ಹಳೇ ಕುದುರೆ ತಪ್ಪು ದಾರಿ ಹಿಡಿದ್ರೂ ಮನೆಗೆ ಬರುತ್ತೆ. ಹೊಸ ಕುದುರೆ ಹಂಗಲ್ಲ."

ಸುಲೊನ ಹಳೆಯದನ್ನೇ ನೂರಿಪ್ಪತ್ತಕ್ಕೆ ಕೊಟ್ಟೆ. ತೊಳೆದುಕೋ ಅಂದೆ. "ತೊಳೆಯೋದೇ ನನ್ನ ಹಣೇಲಿ ಬರ್ದಿದೆ, ಪಾತ್ರೆ ಸಾಲ್ದೂಂತ ಇದು ಬೇರೆ," ಎಂದು ಹಾಗೆಯೇ ಹೆಗಲಿಗೇರಿಸಿಕೊಂಡು ಹೋದ.

ಬೇಟೆಯ ಮುನ್ನಾದಿನ ಸಂಜೆ ಕ್ಯಾಂಪಿನಲ್ಲಿ ಒಂದು ವ್ರತ ನಡೆಯುತ್ತದೆ. ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಎಲ್ಲರೂ ಸುತ್ತ ಕೂತು, ರೈಫಲ್ ನಳಿಗೆಗಳನ್ನು ಉಜ್ಜಿ ಒಳಗೆಲ್ಲ ಎಣ್ಣೆ ಸವರುವುದು. ಇದನ್ನು ಶುರುಮಾಡಿದವನು ಸುಲೊನ ಅಪ್ಪ. ಜಿಂಕೆಯ ಕತ್ತಿಗೇ ಗುಂಡಿಡಬೇಕು, ಎದೆಗಿಟ್ಟರೆ ಮಾಂಸ ಹಾಳು ಎಂದು ಮಗನಿಗೆ ಕಲಿಸಿದವನೂ ಅವನೇ. ಆ ಮುದುಕನ ಬಾಲ ಗೋಡೆಯ ಮೇಲೆ ಒಂದೂ ಇಲ್ಲ. ತಪ್ಪಲಿಲ್ಲ ಎಂದಲ್ಲ, ಅವನ ಬೆನ್ನ ಹಿಂದೆ ಕತ್ತರಿ ಹಿಡಿದು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಸಂಜೆ ಸುಲೊ ಹೊಸ ನಳಿಗೆಯನ್ನು ಹದಿನಾರು ಸಲ ಒರೆಸಿದ. ದೀಪಕ್ಕೆ ಹಿಡಿದು ಒಳಗೆ ನೋಡಿದ. ಮತ್ತೆ ಎಣ್ಣೆ ಬಿಟ್ಟ. ಪೆನ್ಹೇಲ್ ಒಲೆಯ ಬಳಿ ಬೀನ್ಸ್ ಕಾಳು ತಿರುವುತ್ತ, "ಇನ್ನೊಂಚೂರು ಬಿಡು ಮಾರಾಯ, ಜಿಂಕೆ ಜಾರಿ ಬೀಳ್ಲಿ," ಎಂದ.

ಮರುದಿನ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ತೊರೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು. ಒಂದೇ. ನಮ್ಮಲ್ಲಿ ಒಂದು ಲೆಕ್ಕವಿದೆ: ಒಂದು ಸದ್ದಾದರೆ ಮಾಂಸ, ಎರಡಾದರೆ ಅನುಮಾನ, ಮೂರಾದರೆ ಮರಕ್ಕೆ ಗಾಯ. ಒಂದೇ ಸದ್ದು! ನನ್ನ ತಾಣದಲ್ಲಿ ಕೂತಿದ್ದ ನಾನು ಸಂತೋಷದಿಂದ ಟೋಪಿ ತೆಗೆದೆ. ಇನ್ನು ಮುಂದೆ ಆ ಮಾದರಿಯ ರೈಫಲ್ಲಿಗೆ ಸುಲೊನ ಹೆಸರು ಹೇಳಿ ಐವತ್ತು ಡಾಲರು ಹೆಚ್ಚು ಕೇಳಬಹುದು ಎಂಬ ಸಂತೋಷವೂ ಅದರಲ್ಲಿ ಸೇರಿತ್ತು.

ಕ್ಯಾಂಪಿಗೆ ಬಂದರೆ ಸುಲೊ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕೂತಿದ್ದ.

"ಅರವತ್ತು ಗಜ," ಎಂದ. "ಅಡ್ಡ ನಿಂತಿತ್ತು. ಗುಂಡು ಅದರ ಕೋಡಿನ ಮೇಲೆ ಹೋಗಿ ಬರ್ಚ್ ಮರದ ಕೊಂಬೆ ಬೀಳಿಸ್ತು. ಜಿಂಕೆ ಓಡ್ಲೂ ಇಲ್ಲ. ಕೊಂಬೆ ನೋಡ್ತು, ನನ್ನ ನೋಡ್ತು."

"ಮತ್ತೆ ಇನ್ನೊಂದು ಯಾಕೆ ಹೊಡೀಲಿಲ್ಲ?" ಎಂದ ಓನ್ನಿ.

ಸುಲೊ ತಲೆ ತಗ್ಗಿಸಿದ. "ಸನ್ನೆಹಿಡಿ ಎಳೆದೆ."

"ಇದರಲ್ಲಿ ಸನ್ನೆಹಿಡಿ ಎಲ್ಲಿದೆಯೋ?"

"ಇಲ್ಲ. ಗಾಳೀಲಿ ಎಳೆದೆ. ಮೂರು ಸಲ."

ನಮ್ಮಲ್ಲಿ ಯಾರೂ ನಗಲಿಲ್ಲ. ಒಂದೆರಡು ಕ್ಷಣ.

ಮಧ್ಯಾಹ್ನ ಬಾಲ ಕತ್ತರಿಸುವ ಶಾಸ್ತ್ರ. ಓನ್ನಿ ಕುರಿ ಉಣ್ಣೆಯ ಕತ್ತರಿ ಹಿಡಿದು ಸುಲೊನ ಹಿಂದೆ ನಿಂತ. ಅಂಗಿ ಹೊರಗೆಳೆದ. ಕತ್ತರಿ ಹಾಗೇ ನಿಂತಿತು.

"ಇದೇನೋ ಇದು? ನಿನ್ನ ಬಾಲಕ್ಕೆ ಗುಂಡಿ ಇದೆ!"

ಹೌದು. ಅಂಗಿಯ ಬಾಲವನ್ನು ಬೇರೆಯೇ ತುಂಡಿನಲ್ಲಿ ಮಾಡಿ, ನಾಲ್ಕು ಗುಂಡಿಯಿಂದ ಅಂಗಿಗೆ ಸೇರಿಸಿದ್ದಳು ಲೆಂಪಿ. ಕತ್ತರಿ ಬೇಕಿಲ್ಲ, ಬಿಚ್ಚಿಕೊಂಡರೆ ಸಾಕು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸುಲೊ ಆ ತುಂಡನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಗುಂಡಿಯನ್ನು ಮುಟ್ಟಿ ನೋಡಿದ. ಒಲೆಯ ದುಡ್ಡು ಕೊಟ್ಟವಳೇ ಈ ಗುಂಡಿಯನ್ನೂ ಹೊಲಿದಿದ್ದಳು ಎಂಬುದು ಅವನಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ನಾನು ಮೊಳೆ ಹುಡುಕುವ ನೆಪದಲ್ಲಿ ಆಚೆ ಹೋದೆ.

ಹನ್ನೆರಡು ತುಂಬಿತು. ಪೆನ್ಹೇಲ್ ಅಡುಗೆಯ ಏಪ್ರನ್ ಬಿಚ್ಚಿ, ಪಟ್ಟಾಭಿಷೇಕದಂತೆ ಸುಲೊನ ಕೊರಳಿಗೆ ಹಾಕಿದ.

ಆ ಸಂಜೆಗೆ ಅಡುಗೆಮನೆ ಗುರುತು ಸಿಗದಂತಾಯಿತು. ಸುಲೊ ಹೊಗೆ ಹಿಡಿದ ಕಿಟಕಿ ಗಾಜುಗಳನ್ನು ಉಜ್ಜಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆಚೆ ಮರಗಳಿವೆ ಎಂದು ನಮಗೆ ಕಂಡಿತು. ಊಟಕ್ಕೆ ಬೇಯಿಸಿದ ಮಾಂಸ, ಬೆಣ್ಣೆ ಹಾಕಿದ ಆಲೂಗಡ್ಡೆ, ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಬೇಯಿಸಿದ ರೊಟ್ಟಿ. ಓನ್ನಿ ಮೂರನೇ ಸಲ ಬಡಿಸಿಕೊಳ್ಳುವಾಗ ಅವನ ಕಣ್ಣಲ್ಲಿ ನೀರಿತ್ತು. ಪೆನ್ಹೇಲ್ ಮಾತ್ರ, "ಉಪ್ಪು ಸಾಲ್ದು," ಎಂದು ಮೂರು ತಟ್ಟೆ ತಿಂದ.

ಬೆಳಿಗ್ಗೆ ಗಲಾಟೆಯಾಯಿತು. ಪ್ಯಾನ್‌ಕೇಕಿಗೆಂದು ಸುಲೊ ಹಿಟ್ಟು ಹೊಯ್ದ. ಅದು ಕಾವಲಿಗೆ ಅಂಟಿ ಕೂತಿತು. ಗದ್ದುಗೆಗೆ ಹೊರಡಲು ಟೋಪಿ ಹಾಕಿಕೊಂಡು ನಿಂತಿದ್ದ ಪೆನ್ಹೇಲ್ ಇಣುಕಿ ನೋಡಿ ಕಿರುಚಿದ.

"ಅಯ್ಯೋ ಪಾಪಿ! ನನ್ನ ಕಾವ್ಲಿ ಏನ್ ಮಾಡ್ದೆ?"

"ತೊಳ್ದೆ. ಸೋಪು ಹಾಕಿ, ಮರಳು ಹಾಕಿ. ಎಷ್ಟು ಕಪ್ಪಗಿತ್ತು ಗೊತ್ತಾ?"

"ಕಪ್ಪಗಿತ್ತಾ! ಇಪ್ಪತ್ತೆರಡು ವರ್ಷ ಪಳಗಿಸಿದ ಕಪ್ಪು ಕಣೋ ಅದು! ಪ್ಯಾನ್‌ಕೇಕು ಏಳೋದು ಕಬ್ಬಿಣದ ಮೇಲಲ್ಲ, ಆ ಕಪ್ಪಿನ ಮೇಲೆ!" ಹಂದಿಕೊಬ್ಬು ಸವರಿ, ಕಾವಲಿಯಿಂದ ಹೊಗೆ ಬರುವಷ್ಟು ಕಾಯಿಸಿ, ತಾನೇ ಇನ್ನೊಂದು ಹೊಯ್ದ. ಅದು ಹರಿದು ಬಂತು, ನಾಯಿಗೆಸೆದ. ಮುಂದಿನದು ಅರ್ಧ ಎದ್ದಿತು, ಅದರ ಮುಂದಿನದು ಪೂರ್ತಿ. "ನೆನಪಿಟ್ಕೋ. ತೊಳ್ದ ಕಾವ್ಲಿ ಮೇಲೆ ಮೊದಲ್ನೇದು ಯಾವತ್ತೂ ಬರಲ್ಲ. ಮೊದಲ್ನೇದು ನಾಯಿಗೆ." ಹಳೆಯ ರೈಫಲ್ ಎತ್ತಿಕೊಂಡು ಬೈಯುತ್ತಲೇ ಕಾಡಿಗೆ ನಡೆದ.

ಸೊಂಟ ನೋವೆಂದು ನಾನು ಆ ಬೆಳಿಗ್ಗೆ ಒಲೆಯ ಬಳಿಯೇ ಉಳಿದಿದ್ದೆ. ಗಂಟೆ ಎಂಟಾಗಿರಬೇಕು, ತೊರೆಯ ಕಡೆಯಿಂದ ಒಂದು ಸದ್ದು. ಒಂದೇ. ಕಾದೆವು. ಎರಡನೆಯದು ಬರಲಿಲ್ಲ. ಅರ್ಧ ಗಂಟೆಗೆ ಪೆನ್ಹೇಲ್ ಹತ್ತು ಕವಲಿನ ಕೋಡಿನ ಜಿಂಕೆಯನ್ನು ಹಿಮದ ಮೇಲೆ ಎಳೆದುಕೊಂಡು ಬಂದ. ಗುಂಡು ಕತ್ತಿಗೆ ಬಿದ್ದಿತ್ತು. ಎಲ್ಲಿಗೆ ಗುರಿಯಿಟ್ಟೆ ಎಂದು ಕೇಳಿದರೆ, "ಕತ್ತಿಗೇ. ಸುಲೊ ಅಪ್ಪ ಹಂಗೇ ಹೇಳ್ತಿದ್ನಲ್ಲ," ಎಂದ.

ಸುಲೊ ಏಪ್ರನ್ನಿನಲ್ಲೇ ಹೊರಗೆ ಬಂದ. ಜಿಂಕೆಯನ್ನು ನೋಡಲಿಲ್ಲ. ಗೋಡೆಗೊರಗಿಸಿದ್ದ ತನ್ನ ಹಳೆಯ ರೈಫಲನ್ನು ಎತ್ತಿ, ಕಡ್ಡಿಗೆ ಬಿಳಿ ಚಿಂದಿ ಸುತ್ತಿ ನಳಿಗೆಗೆ ತೂರಿಸಿ ತೆಗೆದ. ಚಿಂದಿ ಇದ್ದಿಲಿನಂತಾಗಿತ್ತು.

"ಇದನ್ನ ತೊಳ್ದಿಲ್ವಾ ಪೆನ್ಹೇಲ್?"

"ಇಲ್ಲಪ್ಪ."

"ನೀನು, ಅರ್ಮಾಸ್?"

"ನನಗೆಲ್ಲಿ ಪುರುಸೊತ್ತು?"

"ಹಂಗಾದ್ರೆ ಮರಳುಗುಂಡಿಯ ಮಸಿ ಇನ್ನೂ ಇದರಲ್ಲೇ ಇತ್ತು," ಎಂದ ಸುಲೊ. ಅಡುಗೆಮನೆಯ ಕಡೆ ತಿರುಗಿ, ಮೆಲ್ಲಗೆ, "ಮೊದಲ್ನೇದು ನಾಯಿಗೆ," ಎಂದ.

ಒಳಗೆ ಹೋಗಿ ಹೊಸ ರೈಫಲ್ ತಂದ. ಹಿಂದಿನ ಹಿಮದ ರಾಶಿಗೆ, ಗುರಿಯೇ ಇಲ್ಲದೆ, ಒಂದರ ಮೇಲೊಂದು ನಾಲ್ಕು ಗುಂಡು ಹಾರಿಸಿದ. ತೊಳೆಯದೆ ಜಗುಲಿಯಲ್ಲಿಟ್ಟ. ಮಸಿ ತುಂಬಿದ ಬಂದೂಕು ಆಚೆ ನಿಂತಿರುವಾಗ ಅವನಿಗೆ ನಿದ್ದೆ ಹೇಗೆ ಬರಬೇಕು? ಮರುದಿನ ಬೆಳಿಗ್ಗೆ ಕಣ್ಣು ಕೆಂಪಗಾಗಿದ್ದವು.

ಪ್ಯಾನ್‌ಕೇಕುಗಳನ್ನು ಬಡಿಸಿ ಮುಗಿಸಿ, "ಎಲ್ಲ ಹೊರಗೆ ಬನ್ನಿ," ಎಂದ. ಎಂಬತ್ತು ಹೆಜ್ಜೆ ದೂರದ ಮರಕ್ಕೆ ಹಂದಿಕೊಬ್ಬಿನ ಡಬ್ಬಿಯ ಮುಚ್ಚಳವನ್ನು ಮೊಳೆಯಿಂದ ಹೊಡೆದಿದ್ದ. "ಒಂದೇ ಗುಂಡು. ತಪ್ಪಿದ್ರೆ ಸಾಯೋವರ್ಗೂ ಒಲೆ ಮುಂದೆ ಇರ್ತೀನಿ, ಬಾಯಿ ಬಿಡಲ್ಲ. ಬಿದ್ರೆ ಅಪ್ಪನ ಗದ್ದುಗೆ ವಾಪಸ್ ಕೊಡ್ಬೇಕು."

"ಮೊದಲ್ನೇದು ಲೆಕ್ಕಕ್ಕಿಲ್ಲ ಅಂತಿದ್ಯಲ್ಲೋ," ಎಂದ ಓನ್ನಿ.

"ಹನ್ನೆರಡು ವರ್ಷ ಅಂದೆ. ಜಿಂಕೆ ಎರಡನೇದಕ್ಕೆ ನಿಲ್ಲುತ್ತಾ? ಲೆಕ್ಕಕ್ಕಿರೋದು ಅದೊಂದೇ."

ಏಪ್ರನ್ ಬಿಚ್ಚದೆಯೇ ಗುರಿಯಿಟ್ಟ. ಮುಚ್ಚಳ ಠಣ್ಣೆಂದಿತು. ಹೋಗಿ ನೋಡಿದರೆ ತೂತು ನಟ್ಟನಡುವೆ.

ಆಮೇಲೆ ಬಿಡಿಸಿ ಹೇಳಿದ. ತೊಳೆದು ಎಣ್ಣೆ ಹಚ್ಚಿದ ನಳಿಗೆ ಮೊದಲ ಗುಂಡನ್ನು ಮೇಲಕ್ಕೆಸೆಯುತ್ತದೆ. ಮಸಿ ಹಿಡಿದ ಮೇಲೆ ದಾರಿಗೆ ಬರುತ್ತದೆ. ನಾವು ಮುನ್ನಾದಿನ ಸಂಜೆ ವ್ರತ ಮಾಡಿ ಅದನ್ನು ಪ್ರತಿ ವರ್ಷ ಕೆಡಿಸುತ್ತಿದ್ದೆವು. ಎದೆಗೆ ಗುರಿಯಿಟ್ಟವರ ಗುಂಡು ಹೇಗೋ ಎಲ್ಲೋ ತಗಲುತ್ತಿತ್ತು; ಸಪೂರ ಕತ್ತಿಗೆ ಗುರಿಯಿಟ್ಟ ಸುಲೊನದು ಗಾಳಿಗೆ ಹೋಗುತ್ತಿತ್ತು. ಪ್ರತಿಯೊಬ್ಬನೂ ಗೋಡೆಯ ಮೇಲಿನ ತನ್ನ ಬಾಲಗಳನ್ನು ನೆನೆಯುತ್ತಿದ್ದ.

"ಹಂಗಾದ್ರೆ ನನ್ನ ಒಂಬತ್ತೂ..." ಎಂದು ಓನ್ನಿ ಶುರುಮಾಡಿದ.

"ನಿನ್ನ ಒಂಬತ್ತರಲ್ಲಿ ಆರು ನಿನ್ನ ಕಣ್ಣಿನವು," ಎಂದ ಪೆನ್ಹೇಲ್.

"ಸರಿ, ಗದ್ದುಗೆ ಕೊಡಿ," ಎಂದ ಸುಲೊ.

ಕೊಡಬೇಕಾದ್ದೇ. ಆದರೆ ಉಳಿದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗದ್ದುಗೆ ಸುಲೊಗೆ ಹೋದರೆ ಒಲೆ ಪೆನ್ಹೇಲನಿಗೆ. ಎಲ್ಲರ ಕಣ್ಣ ಮುಂದೆಯೂ ಬೀನ್ಸ್ ಕಾಳಿನ ಹಂಡೆ ಬಂದು ನಿಂತಿತು.

"ಕಟ್ಟಳೆ ಕಟ್ಟಳೆಯೇ," ಎಂದ ಓನ್ನಿ, ಕೆಮ್ಮುತ್ತ. "ಹಿರಿಯರು ಮಾಡಿದ್ದು."

"ಹಿರಿಯರ ಹೊಟ್ಟೆಯಲ್ಲ, ನಿಂದು ಮಾತಾಡ್ತಿರೋದು," ಎಂದ ಸುಲೊ.

ಬಿಡಿಸಿದವನು ಪೆನ್ಹೇಲನೇ. "ನಂಗೆ ಆ ಬೊಡ್ಡೆ ಬೇಡಪ್ಪ. ಒಂದು ಹೊಡ್ದೆ, ಸಾಕು. ಅಲ್ಲಿ ಕೂತ್ರೆ ಕುಂಡಿ ಮರಗಟ್ಟುತ್ತೆ. ಇವನಪ್ಪ ಹೆಂಗೆ ಸತ್ತ ಅಂತ ಈಗ ಗೊತ್ತಾಯ್ತು." ಕೊನೆಗೆ ಆದ ತೀರ್ಮಾನ ಇದು: ಗದ್ದುಗೆ ಸುಲೊನದೇ, ಬೆಳಗಿನ ಪಾತ್ರೆ ಮುಗಿದ ಮೇಲಿಂದ ಸಂಜೆಯ ಅಡುಗೆ ಶುರುವಾಗುವವರೆಗೆ. ಅಂದರೆ ಹತ್ತರಿಂದ ಮೂರು. ಕಾಡಿನ ಜಿಂಕೆಗಳೆಲ್ಲ ಮಲಗಿರುವ ಹೊತ್ತು. ಸುಲೊ ಒಪ್ಪಿದ, ಅವನಪ್ಪ ಆ ಹೊತ್ತಿನಲ್ಲೂ ಅಲ್ಲೇ ಕೂತಿರುತ್ತಿದ್ದನಂತೆ.

ಡಿಸೆಂಬರಿನಲ್ಲಿ ಗಂಡಹೆಂಡಿರು ಹೊಸ ರೈಫಲ್ ಹಿಡಿದು ಅಂಗಡಿಗೆ ಬಂದರು. ಅಷ್ಟರಲ್ಲಿ ಪೆನ್ಹೇಲನಿಂದ ಹಳೆಯದನ್ನು ನಾನು ಕೊಂಡಾಗಿತ್ತು.

"ಇದನ್ನಿಟ್ಕೊಂಡು ಅಪ್ಪಂದು ಕೊಡು," ಎಂದ ಸುಲೊ. "ಗಾಳೀಲಿ ಎಳೆಯೋದು ನನ್ನ ಕೈ ಬಿಡಲ್ಲ."

"ಒಂದೇ ಗುಂಡಿಗೆ ಹತ್ತು ಕವಲು ಬೀಳಿಸಿದ ರೈಫಲ್ಲು ಕಣಯ್ಯ ಅದು. ಈಗ ಅದರ ಬೆಲೆ..."

"ಅರ್ಮಾಸ್," ಎಂದಳು ಲೆಂಪಿ. ಅಷ್ಟೇ ಅಂದಿದ್ದು. ನಾನು ಹಳೆಯದನ್ನು ಗೋಡೆಯಿಂದಿಳಿಸಿ ಕೊಟ್ಟೆ, ಹೊಸದರ ಬಾಬ್ತಿಗೆ ಒಂದು ಒಲೆಯನ್ನೂ ಕೊಟ್ಟೆ, ಅದನ್ನು ನನ್ನ ಲಾರಿಯಲ್ಲೇ ಅವರ ಮನೆಗೆ ಮುಟ್ಟಿಸಿಯೂ ಬಂದೆ. ಹೊಗೆಕೊಳವೆ ಜೋಡಿಸುವಾಗ ಅವಳು ಕಾಫಿ ಕೊಟ್ಟಳು. ಅದು ಲಾಭದ ಬಾಬ್ತು.

ಮುಂದಿನ ವರ್ಷ ಬೇಟೆಯ ನಾಲ್ಕನೆಯ ದಿನ, ಹಾಡುಹಗಲು ಹನ್ನೆರಡೂವರೆಗೆ, ತೊರೆಯ ಕಡೆ ಒಂದು ಸದ್ದಾಯಿತು. ಒಂದೇ. ಮೂರು ಗಂಟೆಗೆ ಸರಿಯಾಗಿ ಸುಲೊ ಜಿಂಕೆ ಎಳೆದುಕೊಂಡು ಬಂದು, ಕಂಬಕ್ಕೆ ನೇತುಹಾಕಿ, ಕೈ ತೊಳೆದು, ಆಲೂಗಡ್ಡೆ ಸುಲಿಯಲು ಕೂತ. ಈಗ ಅವನ ರೈಫಲ್ಲಿನ ಹೊರಮೈಯಲ್ಲಿ ಮುಖ ನೋಡಿ ಗಡ್ಡ ಬೋಳಿಸಿಕೊಳ್ಳಬಹುದು. ನಳಿಗೆಯ ಬಾಯಿಗೆ ಮಾತ್ರ ಒಂದು ಬಿಳಿ ಬಟ್ಟೆಯ ಚೂರು ತುರುಕಿರುತ್ತಾನೆ, ಒಳಗಿನ ಮಸಿ ತನ್ನ ಕಣ್ಣಿಗೆ ಬೀಳದಿರಲಿ ಎಂದು. ಆ ಚೂರಿನಲ್ಲಿ ಲೆಂಪಿ ಹೊಲಿದ ಒಂದು ಗುಂಡಿಯಿದೆ.

ಆ ವರ್ಷದಿಂದ ನನ್ನ ಅಂಗಡಿಯಲ್ಲಿ ಬಂದೂಕಿನ ಎಣ್ಣೆ ಖರ್ಚಾಗುತ್ತಿಲ್ಲ. ಬಾಗಿಲ ತಿರುಗಣಿಗೆ ಬಿಟ್ಟುಕೊಳ್ಳುತ್ತಿದ್ದೇನೆ. ಆದರೂ ಯಾರಾದರೂ ಬಂದು ಹೊಸ ರೈಫಲ್ಲು ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದು ಕೇಳಿದರೆ, ಹೌದು ಎಂದೇ ಹೇಳುತ್ತೇನೆ. ಸುಲೊ ಅದನ್ನು ಕೊಳ್ಳದಿದ್ದರೆ ಹಳೆಯದು ನನ್ನ ಗೋಡೆಗೆ ಬಂದು ತೊಳೆಯದೆ ನೇತಾಡುತ್ತಿತ್ತೇ?